ಗಾಳಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲವೇ?

(1970ರ ಭೋಲಾ ಚಂಡಮಾರುತವನ್ನು ಕುರಿತು ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ಅಂಗಡಿ ಬಾಗಿಲು ಹಾಕಿಕೊಂಡು ಬಂದಿರುವ ವ್ಯಾಪಾರಿ ಮಿತ್ರರೇ,

ಸಮುದ್ರವನ್ನೇ ಕಾಣದ ಊರಿನಲ್ಲಿ ನಿಂತು ಸಮುದ್ರದ ಹಾವಳಿಯ ಮಾತು ಆಡುವುದೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಬಯಲುಸೀಮೆಯ ನಮಗೆ ಬಂಗಾಳ ಕೊಲ್ಲಿಯೆಂದರೆ ಕಾರ್ತಿಕದಲ್ಲಿ ನಾಲ್ಕು ದಿನ ಮೋಡ ಮುಚ್ಚಿ ಕಣದಲ್ಲಿದ್ದ ಕಾಳನ್ನು ನೆನೆಸಿ ಹೋಗುವ ವಾಯುಭಾರ ಕುಸಿತ, ಅಷ್ಟೆ. ಆದರೆ ನಿಮ್ಮ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಗೋಣಿಚೀಲವನ್ನು ನೆನೆದುಕೊಳ್ಳಿ. ಗಂಗೆ, ಬ್ರಹ್ಮಪುತ್ರ, ಮೇಘನಾ ನದಿಗಳು ತಂದು ಹಾಸಿದ ಮಣ್ಣಿನಲ್ಲಿ ಸಣಬು ಬೆಳೆದವರು, ಹೂಗ್ಲಿ ದಂಡೆಯ ಗಿರಣಿಗಳಲ್ಲಿ ಅದನ್ನು ನೇಯ್ದವರು, ಅದರಲ್ಲಿ ಧಾನ್ಯ ತುಂಬಿ ಮಾರುವ ನೀವು, ಎಲ್ಲರೂ ಒಂದೇ ದಾರಕ್ಕೆ ಸೇರಿದವರು. 1947ರಲ್ಲಿ ದೇಶ ಹೋಳಾದಾಗ ಸಣಬಿನ ಒಳ್ಳೆಯ ಹೊಲಗಳು ಆಚೆಗೆ ಹೋದವು, ಗಿರಣಿಗಳು ಈಚೆಗೆ ಉಳಿದವು. ಇನ್ನೂ ಹತ್ತಿರದ ನಂಟು ಬೇಕೆಂದರೆ ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನ ಕ್ಯಾಂಪುಗಳಿಗೆ ಹೋಗಿ ನೋಡಿ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಅಲ್ಲಿ ಗದ್ದೆ ಮಾಡುತ್ತಿದ್ದಾರೆ.

ನಾನು ಹೇಳಹೊರಟಿರುವುದು 1970ನೆಯ ಇಸವಿ ನವೆಂಬರ್ 12ರ ರಾತ್ರಿ ಆಗಿನ ಪೂರ್ವ ಪಾಕಿಸ್ತಾನದ, ಈಗಿನ ಬಾಂಗ್ಲಾದೇಶದ, ಕರಾವಳಿಯನ್ನು ನುಂಗಿದ ಚಂಡಮಾರುತದ ಸಂಗತಿ. ಭೋಲಾ ಎಂಬ ದ್ವೀಪದ ಹೆಸರು ಅದಕ್ಕೆ ಅಂಟಿಕೊಂಡಿದೆ. ಸಾಮಾನ್ಯವಾಗಿ ಹೇಳುವ ಲೆಕ್ಕದಂತೆ ಸತ್ತವರು 3ರಿಂದ 5 ಲಕ್ಷ. ಇದಕ್ಕಿಂತ ಹೆಚ್ಚು ಜನರನ್ನು ಕೊಂದ ಚಂಡಮಾರುತ ದಾಖಲೆಯಲ್ಲಿ ಇನ್ನೊಂದಿಲ್ಲ. ಇಂಥದು ನಡೆದಾಗಲೆಲ್ಲ ಪ್ರಕೃತಿ ವಿಕೋಪ ಎಂಬ ಎರಡು ಮಾತು ಬರೆದು ಕೈತೊಳೆದುಕೊಳ್ಳುವುದು ಆಳುವವರ ವಾಡಿಕೆ. ಗಾಳಿಗೆ ಬಡವ ಬಲ್ಲಿದ ಎಂಬ ಭೇದವುಂಟೇ ಎಂದು ತಿಳಿದವರೂ ತಲೆದೂಗುತ್ತಾರೆ. ಈ ಮಾತು ನಿಜವೇ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ವ್ಯಾಪಾರಿಗಳಿದ್ದೀರಿ, ಲೆಕ್ಕವೆಂದರೆ ನಿಮಗೆ ಬೇಸರವಿಲ್ಲ.

ಮೊದಲು ಆ ನೆಲ ಎಂಥದೆಂದು ತಿಳಿಯಬೇಕು. ಮೇಘನಾ ನದಿ ಕಡಲು ಸೇರುವಲ್ಲಿ ನೀರು ಹೊತ್ತು ತಂದ ಮಣ್ಣು ವರ್ಷ ವರ್ಷವೂ ಕೂತು ಹೊಸ ನಡುಗಡ್ಡೆಗಳು ಏಳುತ್ತವೆ, ಹಳೆಯವು ಕೊಚ್ಚಿ ಹೋಗುತ್ತವೆ. ನಮ್ಮ ಕರಾವಳಿಯವರು ಕುದ್ರು ಎನ್ನುತ್ತಾರಲ್ಲ, ಅದನ್ನು ಅಲ್ಲಿ 'ಚರ್' ಎನ್ನುತ್ತಾರೆ. ಕಡಲ ಮಟ್ಟಕ್ಕಿಂತ ಕೆಲವೇ ಅಡಿ ಎತ್ತರ. ಕಲ್ಲಿಲ್ಲ, ಗುಡ್ಡವಿಲ್ಲ. ಬಿದಿರು, ಹುಲ್ಲು, ಮಣ್ಣುಗಳಿಂದ ಕಟ್ಟಿದ ಗುಡಿಸಲುಗಳು. ಇಂಥಲ್ಲಿಗೆ ಯಾರು ಹೋಗಿ ಬಾಳುತ್ತಾರೆ? ಒಳನಾಡಿನಲ್ಲಿ ಅಂಗೈಯಗಲ ಭೂಮಿ ಇಲ್ಲದವರು, ಇದ್ದುದನ್ನು ಸಾಲಕ್ಕೆ ಕಳೆದುಕೊಂಡವರು, ನದಿ ಹೊಲವನ್ನು ಕೊರೆದು ನುಂಗಿದ ಮೇಲೆ ಬೀದಿಗೆ ಬಿದ್ದವರು. ಹಾಗೆಂದು ಚರ್ ಯಾರಪ್ಪನದೂ ಅಲ್ಲವೆಂದು ತಿಳಿಯಬೇಡಿ. ಮಣ್ಣು ನೀರಿನಿಂದ ತಲೆಯೆತ್ತುವ ಮೊದಲೇ ಜೋತೇದಾರ ತನ್ನ ದೊಣ್ಣೆಯಾಳುಗಳನ್ನು ಕಳಿಸಿ ಹಿಡಿದುಕೊಳ್ಳುತ್ತಿದ್ದ. ಆಮೇಲೆ ಭೂಹೀನರನ್ನು ತಂದು ಕೂರಿಸಿ ಕೋರಿಗೆ ಉಳಿಸುತ್ತಿದ್ದ. 1951ರಲ್ಲಿ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ವಿಚಾರಕ್ಕೆ ಎದ್ದು ನಿಂತ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀನುಗಾರನ ಪಾಡೂ ಅಷ್ಟೆ. ದೋಣಿಗೂ ಬಲೆಗೂ ಆಡತ್‌ದಾರನಿಂದ ಮುಂಗಡ ಪಡೆಯಬೇಕು, ಹಿಡಿದ ಮೀನನ್ನು ಅವನು ಹೇಳಿದ ಬೆಲೆಗೆ ಅವನಿಗೇ ಹಾಕಬೇಕು. ನಮ್ಮ ಪೇಟೆಯ ಅಡತಿ ಎಂಬ ಮಾತೂ ಅದೂ ಒಂದೇ.

ನವೆಂಬರ್ ತಿಂಗಳು ಭತ್ತದ ಕೊಯ್ಲಿನ ಕಾಲ. ಹೊರಗಿನಿಂದ ಕೂಲಿಗೆ ಬಂದವರು ದೊಡ್ಡ ಸಂಖ್ಯೆಯಲ್ಲಿ ಆ ನಡುಗಡ್ಡೆಗಳಲ್ಲಿದ್ದರು. ರಂಜಾನ್ ಉಪವಾಸದ ತಿಂಗಳು, ಹುಣ್ಣಿಮೆಯ ಹೊತ್ತು. ಹುಣ್ಣಿಮೆಯಲ್ಲಿ ಕಡಲಿನ ಉಬ್ಬರ ಸಹಜವಾಗಿಯೇ ಹೆಚ್ಚು. ಅದರ ಮೇಲೆ ಗಂಟೆಗೆ ಸುಮಾರು 115 ಮೈಲಿ ವೇಗದ ಗಾಳಿ ಕಡಲನ್ನು ಉತ್ತರಕ್ಕೆ ದೂಡಿಕೊಂಡು ಬಂತು. ಬಂಗಾಳ ಕೊಲ್ಲಿಯ ತಲೆಭಾಗ ಲಾಳಿಕೆಯ ಹಾಗೆ ಕಿರಿದಾಗುತ್ತ ಹೋಗುತ್ತದೆ, ಆಳವೂ ಕಡಿಮೆ. ಅಗಲದಲ್ಲಿ ಹರಡಬೇಕಾದ ನೀರು ಎತ್ತರಕ್ಕೆ ಏರಿತು. ಮೇಘನಾ ಮುಖದಲ್ಲಿ 20 ಅಡಿಗೂ ಮಿಕ್ಕಿ ನೀರು ನಿಂತಿತು. ಅಷ್ಟು ಜನರನ್ನು ಕೊಂದದ್ದು ಗಾಳಿಗಿಂತ ಹೆಚ್ಚಾಗಿ ಕತ್ತಲೆಯಲ್ಲಿ ಗೋಡೆಯಂತೆ ಎದ್ದು ಬಂದ ಈ ಉಪ್ಪುನೀರು.

ಬದುಕಿದವರು ಹೇಗೆ ಬದುಕಿದರು? ತಾಳೆಮರ, ತೆಂಗಿನಮರ ಏನು ಸಿಕ್ಕಿತೋ ಅದನ್ನು ತಬ್ಬಿಕೊಂಡು. ಢಾಕಾದ ಕಾಲರಾ ಸಂಶೋಧನಾಲಯದ ವೈದ್ಯರು ಆಮೇಲೆ ಹಳ್ಳಿಹಳ್ಳಿಗೆ ಹೋಗಿ ನೋಡಿದಾಗ ಉಳಿದವರ ಮೈಮೇಲೆ ಒಂದೇ ಬಗೆಯ ಗಾಯಗಳು ಕಂಡವು. ಎದೆ, ತೋಳಿನ ಒಳಮೈ, ತೊಡೆಗಳ ಚರ್ಮ ಕಿತ್ತುಹೋಗಿತ್ತು. ರಾತ್ರಿಯಿಡೀ ಮರವನ್ನು ಅಪ್ಪಿ ಹಿಡಿದು ಅಲೆಯಲ್ಲಿ ಉಜ್ಜಿಸಿಕೊಂಡದ್ದರ ಗುರುತು ಅದು. ವೈದ್ಯರು ಅದಕ್ಕೊಂದು ರೋಗದ ಹೆಸರನ್ನೇ ಕೊಟ್ಟರು.

ಆ ವೈದ್ಯರು ಮನೆ ಮನೆ ಎಣಿಸಿ ಹಾಕಿದ ಲೆಕ್ಕ ಇನ್ನೂ ಮುಖ್ಯವಾದುದು. ಮನೆಯವರಲ್ಲಿ ಒಬ್ಬರಾದರೂ ಉಳಿದು ಹೇಳಿದ ಸಾವುಗಳನ್ನು ಆಧರಿಸಿ ಅವರು ಹಿಡಿದ ಅತಿ ಕಡಿಮೆ ಅಂಕಿ 2,24,000. ಪೂರ್ತಿ ಅಳಿಸಿಹೋದ ಮನೆಗಳ ಸಾವು, ಕೊಯ್ಲಿಗೆ ಬಂದ ಹೊರಗಿನ ಕೂಲಿಗಳ ಸಾವು ಇದರಲ್ಲಿ ಸೇರಿಲ್ಲ. ಕೂಲಿಯವನು ಹಾಜರಿ ಪಟ್ಟಿಯಲ್ಲೂ ಇಲ್ಲ, ಸತ್ತವರ ಪಟ್ಟಿಯಲ್ಲೂ ಇಲ್ಲ! ತಜುಮುದ್ದೀನ್ ಎಂಬ ಠಾಣೆಯಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಜನ ಹೋದರು. ಹತ್ತು ವರ್ಷದ ಒಳಗಿನ ಮಕ್ಕಳು ಜನಸಂಖ್ಯೆಯಲ್ಲಿ ಮೂರರಲ್ಲಿ ಒಂದು ಪಾಲು, ಸತ್ತವರಲ್ಲಿ ಅರ್ಧ ಪಾಲು. ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಗಟ್ಟಿ ತೋಳಿನ ನಡುಹರೆಯದ ಗಂಡಸು ಮರ ಹಿಡಿದು ಉಳಿದ. ಮಗುವನ್ನು ಎತ್ತಿಕೊಂಡವಳಿಗೆ ಹಿಡಿಯಲು ಕೈಯೆಲ್ಲಿ? ಕರಾವಳಿಯ ದಡದ 77,000 ಮೀನುಗಾರರಲ್ಲಿ ಸುಮಾರು 46,000 ಮಂದಿ ಸತ್ತರೆಂದು ಅಂದಾಜು.

ಈಗ ಹೇಳಿ, ಗಾಳಿಗೆ ಭೇದವಿಲ್ಲವೇ? ಗಾಳಿಗೆ ಇಲ್ಲದಿರಬಹುದು. ಆದರೆ ಅದು ತಟ್ಟಿದ ಬಾಗಿಲುಗಳು ಯಾರವು? ಚರ್ ಭೂಮಿಯನ್ನು ದಾಖಲೆಯಲ್ಲಿ ಹೊಂದಿದ್ದವನು ಬಹುಮಟ್ಟಿಗೆ ಒಳನಾಡಿನ ಗಟ್ಟಿ ಮನೆಯಲ್ಲಿದ್ದ. ಅದನ್ನು ಉತ್ತವನು ಚರ್ ಮೇಲಿದ್ದ.

ಮುನ್ಸೂಚನೆ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಅಮೆರಿಕೆಯ ಹವಾಮಾನ ಉಪಗ್ರಹಗಳು ಆ ಚಂಡಮಾರುತದ ಚಿತ್ರ ತೆಗೆದಿದ್ದವು. ರೇಡಿಯೋ ಕೂಗಿ ಹೇಳಿತ್ತು. ಗಾಳಿ ಬರಲಿದೆಯೆಂಬುದು ನೂರರಲ್ಲಿ ಸುಮಾರು 90 ಮಂದಿಗೆ ಗೊತ್ತಿತ್ತೆಂದೂ, ಗಟ್ಟಿ ಕಟ್ಟಡಕ್ಕೆ ಹೋಗಿ ಸೇರಿದವರು ನೂರಕ್ಕೆ ಒಬ್ಬರು ಮಾತ್ರವೆಂದೂ ನಂತರದ ಸಮೀಕ್ಷೆಯಲ್ಲಿ ತಿಳಿದುಬಂತು. ಇದನ್ನು ಹಿಡಿದು, ಅಲ್ಲಿನ ಜನ ಮೂಢರು, ಹೇಳಿದರೂ ಕೇಳಲಿಲ್ಲ ಎಂದು ಬರೆದವರೂ ಉಂಟು. ಸಂಗಾತಿಗಳೇ, ನಮ್ಮ ಗಿರಣಿಯ ಭೋಂಗಾ ಕೂಗಿದರೆ ಏನು ಮಾಡಬೇಕೆಂದು ನಿಮಗೆ ಗೊತ್ತು. ಯಾವ ಕೂಗು ಪಾಳಿಗೆ, ಯಾವ ಕೂಗು ಬೆಂಕಿಗೆ ಎಂಬುದೂ ಗೊತ್ತು, ಹೋಗಬೇಕಾದ ಗೇಟೂ ಗೊತ್ತು. ಆ ಜನರಿಗೆ ರೇಡಿಯೋ ಹೇಳಿದ್ದು ಅಪಾಯವಿದೆ ಎಂದು. ಎಷ್ಟು ಅಪಾಯ, ನೀರು ಎಷ್ಟು ಎತ್ತರ ಬರುತ್ತದೆ ಎಂಬುದು ತಿಳಿಯುವಂತೆ ಹೇಳಲಿಲ್ಲ. ಮೂರು ವಾರ ಮೊದಲು, ಅಕ್ಟೋಬರಿನಲ್ಲಿ, ಹೀಗೆಯೇ ಒಂದು ಗಾಳಿ ಬಂದು ಅಷ್ಟೇನೂ ಹಾವಳಿಯಿಲ್ಲದೆ ಹೋಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಹೋಗುವುದಾದರೂ ಎಲ್ಲಿಗೆ? ನೂರಕ್ಕೆ ಒಬ್ಬರಿಗೆ ಸಿಕ್ಕಿದ ಆಸರೆಯನ್ನು ಉಳಿದ ತೊಂಬತ್ತೊಂಬತ್ತು ಮಂದಿ ಬೇಡವೆಂದರೇ? ಆಸರೆಯೇ ಇರಲಿಲ್ಲ. 1960ರ ದಶಕದಲ್ಲಿ ಅಲ್ಲಿನ ಕರಾವಳಿಗೆ ನೂರಾರು ಮೈಲಿ ಒಡ್ಡು ಹಾಕಿದ್ದರು, ನಿಜ. ಆದರೆ ಆ ಒಡ್ಡಿನ ಉದ್ದೇಶ ದಿನನಿತ್ಯದ ಉಬ್ಬರದ ಉಪ್ಪುನೀರು ಗದ್ದೆಗೆ ನುಗ್ಗದಂತೆ ತಡೆಯುವುದು. ಭತ್ತವನ್ನು ಕಾಯುವುದಕ್ಕೆ ಯೋಜನೆ ಇತ್ತು, ಭತ್ತ ಬೆಳೆಯುವವನನ್ನು ಕಾಯುವುದಕ್ಕೆ ಇರಲಿಲ್ಲ.

ಮೊದಲ ಬಾರಿಯಾಗಿದ್ದರೆ ಅನುಭವವಿಲ್ಲವೆಂದು ಬಿಡಬಹುದಿತ್ತು. 1876ರಲ್ಲಿ ಇದೇ ಮೇಘನಾ ಮುಖದ ಬಾಕರ್‌ಗಂಜ್ ಜಿಲ್ಲೆಯಲ್ಲಿ ಚಂಡಮಾರುತ ಬಂದು ಸುಮಾರು ಒಂದು ಲಕ್ಷ ಜನ ಮುಳುಗಿ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಆಮೇಲೆ ಕಾಲರಾದಿಂದ, ಹಸಿವಿನಿಂದ ಸತ್ತರು. ಆಗ ಆಳುತ್ತಿದ್ದವರು ಬ್ರಿಟಿಷರು. 1942ರ ಅಕ್ಟೋಬರಿನಲ್ಲಿ ಮಿಡ್ನಾಪುರ ಕರಾವಳಿಗೆ ಚಂಡಮಾರುತ ಅಪ್ಪಳಿಸಿತು. ಆ ಜಿಲ್ಲೆ 'ಚಲೇ ಜಾವ್' ಚಳವಳಿಯ ನೆಲೆಯಾಗಿತ್ತೆಂಬ ಹಗೆಯಿಂದ ಸರಕಾರ ಸುದ್ದಿಯನ್ನೇ ಸುಮಾರು ಎರಡು ವಾರ ಹತ್ತಿಕ್ಕಿತು, ಪರಿಹಾರವನ್ನು ತಡೆಹಿಡಿಯಿತು. ಡಿಸೆಂಬರಿನಲ್ಲಿ ತಾಮಲೂಕಿನ ಜನ ತಮ್ಮದೇ 'ಜಾತೀಯ ಸರಕಾರ' ಕಟ್ಟಿಕೊಂಡು ಪರಿಹಾರದ ಕೆಲಸವನ್ನೂ ತಾವೇ ನಡೆಸಿದರು. ಮರುವರ್ಷ ಬಂದ ಬಂಗಾಳದ ಕ್ಷಾಮಕ್ಕೆ ಆ ಚಂಡಮಾರುತದ ಬೆಳೆನಾಶವೂ ಒಂದು ಕಾರಣ. 1970ರ ವೇಳೆಗೆ ಬ್ರಿಟಿಷರು ಹೋಗಿ 23 ವರ್ಷವಾಗಿತ್ತು. 1960, 61, 63, 65 ಎಂದು ಸಾಲಾಗಿ ಚಂಡಮಾರುತಗಳು ಬಂದು ಸಾವಿರಾರು ಜನರನ್ನು ಒಯ್ದಿದ್ದವು.

ದುಡ್ಡಿರಲಿಲ್ಲ ಎಂದರೆ ಆ ಮಾತನ್ನೂ ನೋಡೋಣ. ಪಾಕಿಸ್ತಾನ ಹೊರದೇಶಗಳಿಂದ ಗಳಿಸುತ್ತಿದ್ದ ಹಣದ ದೊಡ್ಡ ಪಾಲು ಪೂರ್ವ ಬಂಗಾಳದ ಸಣಬಿನದು. ಆ ಹಣ ಹೋಗುತ್ತಿದ್ದುದು ಪಶ್ಚಿಮದ ಕಾರ್ಖಾನೆಗಳಿಗೆ, ಸೈನ್ಯಕ್ಕೆ. ಬೆವರು ಪೂರ್ವದ್ದು, ತಿಜೋರಿ ಪಶ್ಚಿಮದ್ದು. ಹೆಲಿಕಾಪ್ಟರುಗಳೂ ಪಶ್ಚಿಮದಲ್ಲೇ ಇದ್ದವು. ಅವನ್ನು ಭಾರತದ ಮೇಲೆ ಹಾರಿಸಿ ತರಲು ಅಪ್ಪಣೆ ಸಿಗಲಿಲ್ಲವೆಂದು ಪಾಕಿಸ್ತಾನ ಹೇಳಿತು, ಹಾಗೇನಿಲ್ಲವೆಂದು ಭಾರತ ಹೇಳಿತು. ನಮ್ಮವರ ಮೇಲೂ ಒಂದು ಆಪಾದನೆ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೊಲ್ಲಿಯಲ್ಲಿದ್ದ ಹಡಗುಗಳು ಕಳಿಸಿದ ಗಾಳಿಯ ವರದಿಗಳು ಭಾರತಕ್ಕೆ ಬಂದಿದ್ದರೂ, ಎರಡು ಸರಕಾರಗಳ ಹಗೆತನದಿಂದಾಗಿ ಅವು ಆಚೆಗೆ ದಾಟಲಿಲ್ಲ. ಚರ್ ಮೇಲಿದ್ದ ಮೀನುಗಾರನಿಗೂ ಕಾಶ್ಮೀರದ ಜಗಳಕ್ಕೂ ಏನು ಸಂಬಂಧ?

ಅಧ್ಯಕ್ಷ ಯಾಹ್ಯಾ ಖಾನ್ ಚೀನಾ ಪ್ರವಾಸದಿಂದ ಬರುತ್ತ ಢಾಕಾದಲ್ಲಿ ಇಳಿದು, ಹಾವಳಿಯ ಪ್ರದೇಶವನ್ನು ವಿಮಾನದಿಂದ ನೋಡಿ, ಪಶ್ಚಿಮಕ್ಕೆ ಹೊರಟುಹೋದರು. ಪರಿಹಾರದಲ್ಲಿ ತಪ್ಪುಗಳಾದವೆಂದು ಆಮೇಲೆ ಅವರೇ ಒಪ್ಪಿಕೊಂಡರು. ನವೆಂಬರ್ 19ರಂದು ಢಾಕಾದ ವಿದ್ಯಾರ್ಥಿಗಳು ಬೀದಿಗಿಳಿದರು. 24ರಂದು ರೈತ ನಾಯಕ ಮೌಲಾನಾ ಭಾಷಾನಿ ಸುಮಾರು 50,000 ಜನರ ಸಭೆಯಲ್ಲಿ ನಿಂತು ಅಧ್ಯಕ್ಷರು ಕೆಳಗಿಳಿಯಬೇಕೆಂದು ಕೇಳಿದರು. ಆಗ ಆ ವೃದ್ಧರಿಗೆ ತೊಂಬತ್ತರ ಹತ್ತಿರ ವಯಸ್ಸು. ಚಿತ್ರಕಾರ ಜೈನುಲ್ ಆಬೆದೀನ್ ಮನಪುರಾ ದ್ವೀಪದ ಹೆಣಗಳ ರಾಶಿಯನ್ನು ಸುಮಾರು 30 ಅಡಿ ಉದ್ದದ ಸುರುಳಿಯ ಮೇಲೆ ಬರೆದರು. 1943ರ ಕ್ಷಾಮದ ಹಸಿದವರನ್ನು ಬರೆದ ಕೈಯೇ ಅದು.

ಡಿಸೆಂಬರ್ 7ರಂದು ಪಾಕಿಸ್ತಾನದ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಿತು. ಹಾವಳಿಗೆ ಸಿಕ್ಕಿದ ಕ್ಷೇತ್ರಗಳಲ್ಲಿ ಮಾತ್ರ ಅದನ್ನು ಜನವರಿಗೆ ಮುಂದೂಡಿದ್ದರು. ಪೂರ್ವದ 162 ಸ್ಥಾನಗಳಲ್ಲಿ 160 ಅವಾಮಿ ಲೀಗಿಗೆ ಬಂದವು. ಅಧಿಕಾರ ಕೊಡಲು ಸೇನೆ ಒಪ್ಪಲಿಲ್ಲ. 1971ರ ಮಾರ್ಚಿನಲ್ಲಿ ಕೊಲೆಗಳು ಆರಂಭವಾದವು, ಡಿಸೆಂಬರಿನಲ್ಲಿ ಹೊಸ ದೇಶ ಹುಟ್ಟಿತು. ಒಂದು ಚಂಡಮಾರುತ ಒಂದು ರಾಜ್ಯವನ್ನೇ ಒಡೆಯಿತೆಂದು ಹೇಳುವುದು ಕೇಳಲು ಚೆನ್ನಾಗಿದೆ, ಆದರೆ ಅಷ್ಟು ಸರಳವಲ್ಲ. ಭಾಷೆಯ ಹೋರಾಟ, ದುಡ್ಡಿನ ಸೋರಿಕೆ, ಸೈನಿಕ ಆಡಳಿತ, ಎಲ್ಲವೂ ಎರಡು ದಶಕಗಳಿಂದ ಕುದಿಯುತ್ತಿದ್ದವು. ತಮ್ಮ ಜೀವಕ್ಕೆ ರಾಜಧಾನಿಯಲ್ಲಿ ಕಟ್ಟುವ ಬೆಲೆ ಎಷ್ಟೆಂಬುದು ನವೆಂಬರಿನಲ್ಲಿ ಓದುಬರಹ ಬಾರದವನಿಗೂ ತಿಳಿಯಿತು, ಅಷ್ಟು ಹೇಳಬಹುದು.

ಇನ್ನು ಮುಂದಿನ ಮಾತು. ನನಗೆ ಇದೇ ಹೆಚ್ಚು ಮುಖ್ಯವೆಂದು ತೋರುತ್ತದೆ, ಏಕೆಂದರೆ ಅತ್ತು ಸುಮ್ಮನಾಗುವ ಕಥೆಯಲ್ಲ ಇದು. 1972ರಲ್ಲಿ ರೆಡ್‌ಕ್ರಾಸ್ ಮತ್ತು ಹೊಸ ಸರಕಾರ ಸೇರಿ ಕರಾವಳಿಯಲ್ಲಿ ಸ್ವಯಂಸೇವಕರ ಪಡೆ ಕಟ್ಟಲು ತೊಡಗಿದವು. ಹಳ್ಳಿಯವರೇ ಸ್ವಯಂಸೇವಕರು, ಸಂಬಳವಿಲ್ಲ. ಸಾಮಾನು ಏನೆಂದರೆ ಒಂದು ಟ್ರಾನ್ಸಿಸ್ಟರ್ ರೇಡಿಯೋ, ಕೈಯಿಂದ ತಿರುಗಿಸುವ ಸೈರನ್, ಕೂಗುವ ಕೊಳವೆ, ಬಾವುಟಗಳು. ಗಾಳಿ ಹತ್ತಿರ ಬಂದಂತೆ ಬಾವುಟಗಳ ಸಂಖ್ಯೆ ಏರುತ್ತದೆ, ಮನೆಮನೆಗೆ ಹೋಗಿ ಕರೆಯುತ್ತಾರೆ. ಜನಕ್ಕೂ ದನಕ್ಕೂ ನಿಲ್ಲಲು ಮಣ್ಣಿನ ಎತ್ತರದ ದಿಬ್ಬಗಳನ್ನು ಹಾಕಿದರು. ಕಾಲಿನ ಮೇಲೆ ನಿಂತ ಕಾಂಕ್ರೀಟಿನ ಆಸರೆ ಮನೆಗಳನ್ನು ನಿಧಾನವಾಗಿ ಕಟ್ಟಿದರು.

ನಿಧಾನವಾಗಿ ಎಂದೆ. ಆ ನಿಧಾನಕ್ಕೆ ಬೆಲೆ ತೆತ್ತದ್ದು 1991ರ ಏಪ್ರಿಲ್ 29ರ ರಾತ್ರಿ. ಈ ಬಾರಿ ಚಿತ್ತಗಾಂಗ್ ಕರಾವಳಿ. ಸ್ವಯಂಸೇವಕರು ಕೂಗಿ ಹೇಳಿದ್ದರು, ಆದರೆ ಆಸರೆ ಮನೆಗಳಿದ್ದುದು ಕೆಲವು ನೂರು ಮಾತ್ರ. ಸುಮಾರು 1,38,000 ಜನ ಸತ್ತರು. ಅವರಲ್ಲೂ ಹೆಂಗಸರು, ಮಕ್ಕಳು ಹೆಚ್ಚು. ಗಂಡ ಮನೆಯಲ್ಲಿಲ್ಲದಾಗ ಅವನನ್ನು ಕೇಳದೆ ಹೊರಡಲು ಅಂಜಿದವರು, ಗಂಡಸರ ಗುಂಪಿನಲ್ಲಿ ನಿಲ್ಲಲು ನಾಚಿದವರು, ಇದ್ದ ಎರಡು ಆಡು, ಕಾಳಿನ ಮಡಕೆ ಬಿಟ್ಟು ಹೋದರೆ ಕಳ್ಳರ ಪಾಲಾಗುತ್ತದೆಂದು ಕುಳಿತವರು. ನಮ್ಮ ಮನೆಗಳಲ್ಲಿ ಇಂಥದು ನಡೆಯುವುದಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲಿರಾ? ವರ್ಗದ ಶೋಷಣೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಈ ಶೋಷಣೆಯನ್ನು ಮನೆಯ ವಿಚಾರವೆಂದು ಹೊಸ್ತಿಲೊಳಗೆ ಬಿಟ್ಟು ಬರುತ್ತೇವೆ. ಆಮೇಲೆ ಅಲ್ಲಿ ಆಸರೆ ಮನೆಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ ಬಂತು, ಸ್ವಯಂಸೇವಕರಲ್ಲಿ ಹೆಂಗಸರು ಸೇರಿದರು. ಈಗ ಆ ಪಡೆಯಲ್ಲಿ 70,000ಕ್ಕೂ ಹೆಚ್ಚು ಜನ, ಅರ್ಧದಷ್ಟು ಹೆಂಗಸರು. ಆಸರೆ ಮನೆಗಳು ಸಾವಿರಗಳಲ್ಲಿವೆ. ಬೇರೆ ದಿನಗಳಲ್ಲಿ ಅನೇಕವು ಶಾಲೆಗಳಾಗಿ ನಡೆಯುತ್ತವೆ.

2007ರ ನವೆಂಬರ್ 15ರಂದು 'ಸಿದ್ರ್' ಬಂತು. ಅದರ ಗಾಳಿ 1970ರದಕ್ಕಿಂತ ಕಡಿಮೆಯೇನಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಜನ ಮೊದಲೇ ಆಸರೆ ಸೇರಿದ್ದರು. ಸತ್ತವರು ಸುಮಾರು 3,400. ಮೂರೂವರೆ ಸಾವಿರ ಹೆಣವೆಂದರೆ ಸಣ್ಣದೇನಲ್ಲ. ಆದರೆ ಲಕ್ಷಗಳಿಂದ ಸಾವಿರಗಳಿಗೆ ಇಳಿಯಿತು. 2020ರ ಮೇ ತಿಂಗಳ 'ಅಂಫಾನ್' ವೇಳೆಗೆ ಬಾಂಗ್ಲಾದೇಶದಲ್ಲಿ ಸತ್ತವರನ್ನು ಹತ್ತುಗಳಲ್ಲಿ ಎಣಿಸುವಂತಾಯಿತು. ನಮ್ಮ ದೇಶದಲ್ಲೂ ಇದನ್ನು ಕಂಡಿದ್ದೇವೆ. 1977ರಲ್ಲಿ ಆಂಧ್ರದ ದಿವಿಸೀಮೆಯಲ್ಲಿ ಸುಮಾರು 10,000 ಜನ, 1999ರಲ್ಲಿ ಒಡಿಶಾದಲ್ಲಿ ಮತ್ತೆ ಹತ್ತಿರ ಹತ್ತಿರ 10,000 ಜನ ಸತ್ತರು. 2013ರಲ್ಲಿ ಅದೇ ಒಡಿಶಾಕ್ಕೆ 'ಫೈಲಿನ್' ಬಂದಾಗ ಸರಕಾರ ಮೊದಲೇ ಲಕ್ಷಾಂತರ ಜನರನ್ನು ಎಬ್ಬಿಸಿ ಕರೆದೊಯ್ದಿತ್ತು. ಸಾವು ನೂರನ್ನು ಮುಟ್ಟಲಿಲ್ಲ. ಕಡಲು ಅದೇ, ಲಾಳಿಕೆಯಂಥ ಕೊಲ್ಲಿ ಅದೇ. ಹಾಗಾದರೆ 1970ರಲ್ಲಿ ಸತ್ತ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿಯನ್ನು ಪ್ರಕೃತಿಯ ಖಾತೆಗೆ ಬರೆಯಬೇಕು, ಎಷ್ಟು ಮಂದಿಯನ್ನು ಸರಕಾರದ ಖಾತೆಗೆ ಬರೆಯಬೇಕು?

ಇಷ್ಟಕ್ಕೆ ಎಲ್ಲ ಸರಿಯಾಯಿತೆಂದು ಚಪ್ಪಾಳೆ ತಟ್ಟಬೇಡಿ. ಜೀವ ಉಳಿಸುವುದನ್ನು ಕಲಿತರು, ಬದುಕು ಉಳಿಸುವುದನ್ನು ಕಲಿತಿಲ್ಲ. 2009ರ ಮೇ ತಿಂಗಳಲ್ಲಿ 'ಐಲಾ' ಚಂಡಮಾರುತ ಖುಲ್ನಾ, ಸಾತ್‌ಖೀರಾ ಜಿಲ್ಲೆಗಳ ಒಡ್ಡುಗಳನ್ನು ಒಡೆಯಿತು. ಅಲ್ಲಿ ಗದ್ದೆಗಳನ್ನು ಸಿಗಡಿ ಕೆರೆಗಳನ್ನಾಗಿ ಮಾಡಿಕೊಂಡ ದೊಡ್ಡ ಕುಳಗಳಿವೆ. ನಮ್ಮ ಗಜನಿ ಗದ್ದೆಯವರಿಗೆ ಈ ವ್ಯವಹಾರ ಗೊತ್ತು. ಸಿಗಡಿಗೆ ಉಪ್ಪುನೀರು ಬೇಕು. ಅದನ್ನು ಒಳಗೆ ಬಿಟ್ಟುಕೊಳ್ಳಲು ಒಡ್ಡನ್ನೇ ಕೊರೆದು ಕೊಳವೆ ಹಾಕಿದ್ದರು. ಹಾಗೆ ಸಡಿಲವಾದ ಒಡ್ಡು ಗಾಳಿಗೆ ನಿಲ್ಲುವುದೇ? ಸಿಗಡಿ ವಿದೇಶಕ್ಕೆ ಹೋಯಿತು, ಉಪ್ಪು ಬಡವನ ಗದ್ದೆಯಲ್ಲೂ ಕುಡಿಯುವ ನೀರಿನಲ್ಲೂ ಉಳಿಯಿತು. ಸಾವಿರಾರು ಸಂಸಾರಗಳು ಒಂದೆರಡು ವರ್ಷಕ್ಕೂ ಮೀರಿ ಒಡ್ಡಿನ ಮೇಲೆಯೇ ಗುಡಿಸಲು ಹಾಕಿಕೊಂಡು ಕೂತಿದ್ದವು. ದೋಣಿ ಮುಳುಗುತ್ತದೆ, ಬಲೆ ಹರಿದುಹೋಗುತ್ತದೆ, ಆದರೆ ಆಡತ್‌ದಾರನ ಪುಸ್ತಕದಲ್ಲಿ ಬರೆದ ಮುಂಗಡ ಯಾವ ಗಾಳಿಗೂ ಹಾರಿಹೋಗುವುದಿಲ್ಲ. ಇದಕ್ಕೆ ಬಾವುಟವಿಲ್ಲ, ಸೈರನ್ನಿಲ್ಲ.

ಹೀಗೆ ನೆಲ ಕಳೆದುಕೊಂಡವರು ಎಲ್ಲಿಗೆ ಹೋಗುತ್ತಾರೆ? ಢಾಕಾದ ಮೀರ್‌ಪುರದಲ್ಲಿ ಒಂದು ಕೊಳಚೆ ಬಡಾವಣೆ ಇದೆ. ಅದರ ಹೆಸರೇ ಭೋಲಾ ಬಸ್ತಿ. ಮೇಘನಾ ನದಿ ತಮ್ಮ ಹೊಲಮನೆಗಳನ್ನು ಕೊರೆದುಕೊಂಡು ಹೋದ ಮೇಲೆ ಭೋಲಾ ದ್ವೀಪದವರು ಅಲ್ಲಿಗೆ ಬಂದು ಸೇರುತ್ತಾರೆ. ಗಂಡಸರು ರಿಕ್ಷಾ ತುಳಿಯುತ್ತಾರೆ, ಇಟ್ಟಿಗೆ ಹೊರುತ್ತಾರೆ. ಇಂಥ ಬಸ್ತಿಗಳ ಹೆಣ್ಣುಮಕ್ಕಳು ಉಡುಪಿನ ಕಾರ್ಖಾನೆಗಳ ಪಾಳಿಗೆ ನಿಲ್ಲುತ್ತಾರೆ. ಅವರು ಹೊಲಿದ ಅಂಗಿಗಳು ಹಡಗು ಹತ್ತಿ ಯುರೋಪಿಗೆ, ಅಮೆರಿಕೆಗೆ ಹೋಗುತ್ತವೆ. ಹಿಂದೆ ಅಲ್ಲಿನ ಸಣಬು ಹೋಗುತ್ತಿದ್ದುದೂ ಅದೇ ದಾರಿಯಲ್ಲಿ.